ಗುಂಡಗಿಲ್ಲದ ಸರ್ಕಲ್

ನಮ್ಮ ಇಂಗ್ಲಿಷ್ ಸರ್ ಅವರ ಬಲಗಿವಿಯ ಮೇಲಿನ ಬಿಳಿಗೂದಲಲ್ಲಿ ಒಂದು ಸಣ್ಣ ಕಾಲುವೆ ಇತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಪೆನ್ಸಿಲ್ ಕೂತು ಕೂತು ಆದದ್ದು. ಬಡಗಿಗಳು ಸಿಗಿಸಿಕೊಳ್ಳುವ ಹಾಗೆ ಸಿಗಿಸಿಕೊಳ್ಳುತ್ತಿದ್ದರು. ಪೆನ್ಸಿಲ್ ಇಲ್ಲದ ದಿನವೂ ಆ ಜಾಗದಲ್ಲಿ ಕೂದಲು ಏಳುತ್ತಿರಲಿಲ್ಲ. ಮಾತಿನ ನಡುವೆ ಕೈ ತಾನಾಗಿಯೇ ಅಲ್ಲಿಗೆ ಹೋಗಿ, ಏನೂ ಸಿಗದೆ, ಕಿವಿಯನ್ನೇ ಒಮ್ಮೆ ತೀಡಿ ವಾಪಸು ಬರುತ್ತಿತ್ತು.

ಆ ಪೆನ್ಸಿಲಿಗೆ ಇದ್ದ ಕೆಲಸ ಒಂದೇ. ನಾವು ಬರೆದ ಇಂಗ್ಲಿಷ್ ವಾಕ್ಯದಲ್ಲಿ ಯಾವ ಪದದ ಮೇಲೆ ಅನುಮಾನ ಬಂತೋ ಅದರ ಸುತ್ತ ಒಂದು ತೆಳುವಾದ ಸುತ್ತು ಹಾಕುವುದು. ತಪ್ಪು ಎಂದಲ್ಲ. "ಬಾ, ಇದರ ಮ್ಯಾಲ ಜಗಳ ಮಾಡೂಣು" ಎಂದು ಅರ್ಥ. ಜಗಳದಲ್ಲಿ ನಾವು ಗೆದ್ದರೆ ರಬ್ಬರ್ ತೆಗೆದು ತಾವೇ ಅಳಿಸುತ್ತಿದ್ದರು. ಸೋತರೆ ನಾವು ಬೇರೆ ಪದ ಹುಡುಕಬೇಕು.

ನಾನು ಅವರ ಬಳಿ ಹೋದದ್ದು ವಿನಯದಿಂದೇನೂ ಅಲ್ಲ. ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಕನ್ನಡದಲ್ಲಿ ಎದುರಾಳಿಯ ಮಾತನ್ನು ಅವರ ಬಾಯಿಗೇ ತುರುಕುವಷ್ಟು ತಯಾರಾಗಿದ್ದೆ. ಇಂಗ್ಲಿಷಿನಲ್ಲಿ ಮಾತ್ರ ನಾಲಿಗೆ ಕುಂಟುತ್ತಿತ್ತು. ಹುಮನಾಬಾದಿನ ಹೈಸ್ಕೂಲಿನಿಂದ ನಿವೃತ್ತರಾದ ಒಬ್ಬ ಮಾಸ್ತರರು ಸಂಜೆ ಮನೆಯ ಕಟ್ಟೆಯ ಮೇಲೆ ಕಲಿಸುತ್ತಾರೆ ಎಂದು ಕೇಳಿ ಹೋದೆ. ಧಾನ್ಯದ ಮಾರ್ಕೆಟ್ಟಿನ ಹಿಂದಿನ ಓಣಿ. ತೊಗರಿ ಬೇಳೆಯ ಧೂಳು ಗಾಳಿಯಲ್ಲಿ ಸದಾ ತೇಲುತ್ತಿತ್ತು. ಏಳು ಮಂದಿ ಕೂತಿದ್ದರು. ನಾನು ನಿಂತೇ ಕೇಳಿದೆ.

"ಸರ್ರ, ನೀವು ಹೇಳಿದ್ದು ಖರೆ ಅಂತ ನಾ ಯಾಕ ನಂಬಬೇಕ್ರಿ?"

"ನಂಬಬ್ಯಾಡ" ಎಂದರು. "ನಂಬೋವ್ರು ಇಲ್ಲಿ ಏಳು ಮಂದಿ ಕುಂತಾರ. ನಂಬದಾಕಿ ಒಬ್ಬಾಕಿ ಬೇಕಾಗಿತ್ತು. ಕುಂದ್ರು ವಕೀಲಮ್ಮ."

ಅಂದಿನಿಂದ ನನ್ನ ಹೆಸರು ವಕೀಲಮ್ಮ ಎಂದೇ ಆಯಿತು. ನಾನು ಓದುತ್ತಿದ್ದದ್ದು ಬಿ.ಎಸ್ಸಿ.

ಅವರ ಕಲಿಸುವ ರೀತಿ ನಾನು ಬೇರೆ ಎಲ್ಲೂ ಕಂಡಿಲ್ಲ. ತಿಂಗಳಿಗೆ ಒಂದೇ ಪದ. ಆ ಪದ ಬದುಕಿರುವ ವಾಕ್ಯಗಳನ್ನು ನಾವು ಊರಿಂದ ಹಿಡಿದು ತರಬೇಕು. ಅರ್ಥಕೋಶದಿಂದ ಎತ್ತಿ ತಂದರೆ ಲೆಕ್ಕಕ್ಕಿಲ್ಲ. "ಕಂಡಿದ್ದು ತರ್ರಿ, ಕೇಳಿದ್ದು ತರ್ರಿ. ಮನಸಿನ್ಯಾಗ ಕಟ್ಟಿದ್ದು ನಕೋ" ಎನ್ನುತ್ತಿದ್ದರು. ಪ್ರತಿ ವಾಕ್ಯಕ್ಕೂ ಅವರ ಮೊದಲ ಪ್ರಶ್ನೆ, "ಯಾರು ಅಂದ್ರು?" ಅದಕ್ಕೆ ಉತ್ತರವಿದ್ದರೆ ಮಾತ್ರ ದಪ್ಪ ನೋಟ್‌ಬುಕ್ಕಿನೊಳಗೆ ಪ್ರವೇಶ. ಅನುಮಾನವೇ ಕಸುಬಾದ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ? ಅಲ್ಲಿಗೆ ಹೋದ ಎರಡನೇ ವಾರಕ್ಕೇ ಅವರಿಗೆ ಸೋತುಬಿಟ್ಟಿದ್ದೆ. ಒಪ್ಪಿಕೊಂಡಿರಲಿಲ್ಲ, ಅಷ್ಟೆ.

ಆ ತಿಂಗಳು ಕೊಟ್ಟ ಪದ ಸರ್ಕಲ್.

ಇಷ್ಟು ಸಣ್ಣ ಪದದಲ್ಲಿ ಏನಿದೆ, ಗುಂಡಗೆ ಒಂದು ಗೆರೆ, ಮುಗಿಯಿತು ಎಂದುಕೊಂಡಿದ್ದೆ. ಮೂರೇ ದಿನಕ್ಕೆ ಕಟ್ಟೆ ತುಂಬಿತು. ಬ್ಯೂಟಿ ಪಾರ್ಲರಿನಲ್ಲಿ ದುಡಿಯುವ ಅಕ್ಕ ಕ್ರೀಮಿನ ಡಬ್ಬಿಯನ್ನೇ ತಂದಳು. ಕಣ್ಣ ಕೆಳಗಿನ ಕಪ್ಪಿಗೆ ಡಾರ್ಕ್ ಸರ್ಕಲ್ಸ್ ಎಂದು ಅದರ ಮೇಲೆ ಬರೆದಿತ್ತು. ಔಷಧಿ ಕಾರ್ಖಾನೆಯಲ್ಲಿ ಪಾಳಿ ಮಾಡುವ ಒಬ್ಬ ಅಣ್ಣ ಮ್ಯಾನೇಜರರ ಮೇಲ್ ತೋರಿಸಿದ. ಈ ಮಾತಿಗೆ ಆಮೇಲೆ ಮತ್ತೆ ಬರೋಣ ಎನ್ನುವುದಕ್ಕೆ ಅವರು "ಲೆಟ್ ಅಸ್ ಸರ್ಕಲ್ ಬ್ಯಾಕ್" ಎಂದಿದ್ದರು. "ಬರ್ತಾರೇನು ಮತ್ತ?" ಎಂದು ಸರ್ ಕೇಳಿದರು. "ಇನ್ನಾ ತನಕ ಬಂದಿಲ್ರಿ ಸರ್ರ. ನನ್ನ ರಜಾದ ಮಾತದು."

ಪೊಲೀಸ್ ಠಾಣೆಯ ಬೋರ್ಡಿನಿಂದ ಸರ್ಕಲ್ ಇನ್ಸ್‌ಪೆಕ್ಟರ್ ಬಂದರು. ಮೊಬೈಲ್ ರೀಚಾರ್ಜಿನಿಂದ ಕರ್ನಾಟಕ ಸರ್ಕಲ್ ಬಂತು. ಲಕೋಟೆಯ ಮೇಲಿನ ಮುದ್ರೆಯಿಂದ ಅಂಚೆ ಸರ್ಕಲ್, ಪ್ರಶ್ನೆಪತ್ರಿಕೆಯಿಂದ ಸರಿಯುತ್ತರಕ್ಕೆ ಸರ್ಕಲ್ ಹಾಕಿ ಎಂಬ ಅಪ್ಪಣೆ, ಮದುವೆ ಕಾರ್ಡಿನಿಂದ ಫ್ರೆಂಡ್ಸ್ ಸರ್ಕಲ್. ಯಾರೋ ಕ್ರಿಕೆಟ್ ಕಾಮೆಂಟರಿಯಿಂದ ಸರ್ಕಲ್ ಒಳಗಿನ ಫೀಲ್ಡರನ್ನು ಹಿಡಿದು ತಂದರು. ಸರ್ ಕೂಡ ತಮ್ಮ ಹರೆಯದಿಂದ ಒಂದನ್ನು ಹೆಕ್ಕಿ ಕೊಟ್ಟರು. ಹೈದರಾಬಾದಿನ ಒಂದು ಹಳೆಯ ಟಾಕೀಸಿನ ಮೇಲಂತಸ್ತಿಗೆ ಡ್ರೆಸ್ ಸರ್ಕಲ್ ಎನ್ನುತ್ತಿದ್ದರಂತೆ. "ಅಲ್ಲಿ ಕುಂತಾವ ನಾ ಅಲ್ಲ, ನಮ್ಮ ಕಾಕಾ. ನಾ ಕೆಳಗ ಕುಂತು ಅವರ ಚಪ್ಪಲಿ ನೋಡ್ತಿದ್ದೆ." ನಾನು ತಂದದ್ದು ನನ್ನ ಕಸುಬಿನದು, ಸುತ್ತು ವಾದ. ಇದು ನಿಜ, ಯಾಕೆಂದರೆ ಪುಸ್ತಕದಲ್ಲಿದೆ. ಪುಸ್ತಕವನ್ನು ನಂಬಬೇಕು, ಯಾಕೆಂದರೆ ಅದರಲ್ಲಿರುವುದೆಲ್ಲ ನಿಜ. ಇಂಗ್ಲಿಷಿನಲ್ಲಿ ಇದನ್ನು ಸರ್ಕಲ್‌ಗಳಲ್ಲಿ ವಾದಿಸುವುದು ಎನ್ನುತ್ತಾರೆ.

ನೋಟ್‌ಬುಕ್ಕಿನ ಪುಟಗಳು ಸರಸರ ತುಂಬಿದವು. ಒಂದೇ ಪದ ಪೊಲೀಸರ ಬಳಿ ಹೋದರೆ ಸರಹದ್ದಾಗುತ್ತದೆ, ಸ್ನೇಹಿತರ ಬಳಿ ಬಂದರೆ ಬಳಗವಾಗುತ್ತದೆ, ಆಕಾಶದಲ್ಲಿ ಸುತ್ತುವ ಹದ್ದಿನ ಜೊತೆ ಹಾರಿದರೆ ಕ್ರಿಯಾಪದವಾಗಿಬಿಡುತ್ತದೆ. ಇದು ಹೇಗೆ ಎಂದು ಕೇಳುವುದರಲ್ಲೇ ನಮಗೆ ಸಂಜೆಗಳು ಸಾಲದೆ ಹೋದವು.

ಆಗ ಪಾರ್ಲರಿನ ಅಕ್ಕ ಇನ್ನೊಂದು ವಾಕ್ಯ ಓದಿದಳು. "ಐ ವಿಲ್ ವೇಟ್ ಫಾರ್ ಯೂ ಅಟ್ ದ ಸರ್ಕಲ್."

ಸರ್ ಅವರ ಕೈ ಕಿವಿಗೆ ಹೋಗಲಿಲ್ಲ, ಜೇಬಿಗೆ ಹೋಯಿತು. ಕೆಂಪು ಪೆನ್ನು ಹೊರಬಂತು. ನಮಗೆಲ್ಲ ಆಶ್ಚರ್ಯ. ಅವರ ಬಳಿ ಕೆಂಪು ಪೆನ್ನಿದೆ ಎಂದೇ ನಮಗೆ ಗೊತ್ತಿರಲಿಲ್ಲ.

"ಇದು ಗಲತ್" ಎಂದರು. "ನಾಕು ರಸ್ತಾ ಕೂಡೋದಕ್ಕ ಸರ್ಕಲ್ ಅನ್ನಬಾರದು. ನಡುವ ಗುಂಡನ ಕಟ್ಟಿ ಇದ್ದರ ಬ್ಯಾರೆ. ಗುಂಡಗಿಲ್ಲದ್ದಕ್ಕ ಸರ್ಕಲ್ ಅನ್ನೋದು ನಮ್ಮ ಮಂದಿ ಮಾಡಿದ ತಪ್ಪು. ಸಾಲ್ಯಾಗ ನಾ ಇದಕ್ಕ ಯಾವಾಗಲೂ ಅರ್ಧ ಮಾರ್ಕ್ಸ್ ಕಟ್ ಮಾಡ್ತಿದ್ದೆ."

ನನಗೆ ಇದಕ್ಕಿಂತ ಸುಲಭದ ಬೇಟೆ ಸಿಕ್ಕಿರಲಿಲ್ಲ. "ಸರ್ರ, ಯಾರು ಅಂದ್ರು?" ಎಂದು ಅವರದೇ ಪ್ರಶ್ನೆ ಕೇಳಿದೆ. ಅಷ್ಟಕ್ಕೇ ಬಿಡುವವಳಲ್ಲ ನಾನು.

"ಇನ್ಸ್‌ಪೆಕ್ಟರ್ ಸಾಹೇಬರ ಸರಹದ್ದು ಗುಂಡಗದೇನ್ರಿ? ಕರ್ನಾಟಕ ಗುಂಡಗದೇನ್ರಿ? ಕ್ರಿಕೆಟ್‌ದಾಗಿನ ಸರ್ಕಲ್ ಕೂಡ ಪೂರಾ ಗುಂಡಗಿಲ್ಲ. ಎರಡು ಅರ್ಧ ಗುಂಡು, ನಡುವ ಎರಡು ನೆಟ್ಟನ ಗೆರಿ. ಅವೆಲ್ಲಾ ಪೆನ್ಸಿಲ್ ಇಲ್ದ ಪಾಸ್ ಆದ್ವು. ನಮ್ಮ ಹುಮನಾಬಾದ್ ರಸ್ತಾಕ್ಕ ಮಾತ್ರ ಯಾಕ ಕಂಪಾಸ್ ಹಿಡ್ಕೊಂಡು ನಿಂತೀರಿ? ಸರ್ಕಲ್ ಅಲ್ಲ ಯಾಕಂದ್ರ ಗುಂಡಗಿಲ್ಲ, ಗುಂಡಗಿರಬೇಕು ಯಾಕಂದ್ರ ಸರ್ಕಲ್. ನೀವೇ ಸುತ್ತು ಹೊಡ್ಯಾಕತ್ತೀರಿ ಸರ್ರ!"

ಏಳು ಮಂದಿಯೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸರ್ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ನಾಳಿ ನೋಡೂಣು" ಎಂದು ಎದ್ದರು.

ಮರುದಿನ ಸಂಜೆ ನನ್ನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನಾಚೆ ನಾಲ್ಕು ರಸ್ತೆ ಕೂಡುವ ಜಾಗಕ್ಕೆ ಹೋದರು. ಅಲ್ಲಿ ಗುಂಡಗಿದ್ದದ್ದು ಗಾಡಿಯ ಮೇಲಿನ ಕಲ್ಲಂಗಡಿ ಒಂದೇ. ಸರ್ ಒಬ್ಬ ಆಟೋದವರನ್ನು ಹಿಡಿದರು.

"ಭಾಯ್, ಈ ಜಾಗಕ್ಕ ಏನಂತಾರ?"

"ಸರ್ಕಲ್ ಅಂತಾರ್ರಿ. ನೀವು ಇದೇ ಊರಾವ್ರು ಅಲ್ಲೇನ್ರಿ?"

"ಎಲ್ಲಿ ಗುಂಡಗದ ಇದು?"

"ಜಾಗ ಯಾಕ ಗುಂಡಗಿರಬೇಕ್ರಿ? ಗಾಡಿ ತಿರಗತಾವಲ್ಲ, ಅಷ್ಟು ಸಾಕು." ಆತ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಎಲ್ಲಿಗರ ಹೋಗೋದದನೋ, ಇಲ್ಲ ನನ್ನ ಪರೀಕ್ಷಾ ತಗೊಳ್ಳಾಕತ್ತೀರೋ?"

ಹೂವಿನವಳನ್ನು ಕೇಳಿದರು, ಪಂಕ್ಚರ್ ಅಂಗಡಿಯವನನ್ನು ಕೇಳಿದರು. ಎಲ್ಲರದೂ ಒಂದೇ ಜವಾಬು. ವಾಪಸು ಬಂದು ಕಟ್ಟೆಯ ಮೇಲೆ ಕೂತು ಅಕ್ಕನ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿದರು. ಗೆದ್ದೆ ಎಂದುಕೊಂಡೆ. ನನ್ನ ಮಟ್ಟಿಗೆ ವಾದ ಅಲ್ಲಿಗೆ ಮುಗಿದಿತ್ತು.

ಅವರ ಮಟ್ಟಿಗೆ ಶುರುವಾಗಿತ್ತು. ನಾಲ್ಕು ದಿನ ಸರಿಯಾಗಿ ಪಾಠ ಮಾಡಲಿಲ್ಲ. ಐದನೇ ದಿನ ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು. ಬಹಳ ವರ್ಷಗಳ ಹಿಂದೆ ಒಂಬತ್ತನೇ ಇಯತ್ತೆಯಲ್ಲಿ ದುಬಲಗುಂಡಿಯ ಒಬ್ಬ ಹುಡುಗಿ ಇದ್ದಳು. ತಂದೆಯ ಬಗ್ಗೆ ಬರೆಯಿರಿ ಎಂದಾಗ, ನಮ್ಮಪ್ಪ ಸರ್ಕಲ್‌ನಲ್ಲಿ ಭಜಿ ಮಾರುತ್ತಾನೆ ಎಂದು ಇಂಗ್ಲಿಷಿನಲ್ಲಿ ಬರೆದಳು. ವಾರ್ಷಿಕ ಪರೀಕ್ಷೆಯಲ್ಲೂ ಅದನ್ನೇ ಬರೆದಳು. ಸರ್ ಅರ್ಧ ಅಂಕ ಕತ್ತರಿಸಿದರು. ಒಟ್ಟು ಬಂದದ್ದು ಮೂವತ್ತನಾಲ್ಕೂವರೆ. ಪಾಸಾಗಲು ಮೂವತ್ತೈದು ಬೇಕು.

"ಹೆಡ್ ಮಾಸ್ತರ್ರು ಅಂದ್ರು, ಅರ್ಧ ಹಾಕಿ ಬಿಡ್ರಿ ಅಂತ. ನಾ ಅಂದೆ, ತಪ್ಪಂದ್ರ ತಪ್ಪು. ಜೂನ್‌ದಾಗ ಆ ಹುಡಿಗಿ ಸಾಲಿಗಿ ಬರಲಿಲ್ಲ." ಆಮೇಲೆ ಕೇಳಿದರು, "ಆಕೀದು ತಪ್ಪ ಇರಲಿಲ್ಲ ಅಂದ ಮ್ಯಾಲ, ಆಕಿ ಸಾಲಿ ಬಿಡಿಸಿದವ ಯಾರು?"

ನನ್ನ ಬಳಿ ಉತ್ತರಕ್ಕೆ ಬರವಿರಲಿಲ್ಲ. ಮರುದಿನ ಆಕೆಯ ಕ್ಷಮೆ ಕೇಳಲು ಹೊರಟ ಸರ್ ಜೊತೆ ದುಬಲಗುಂಡಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದೆ. ಒಂದು, ಆಕೆ ಮರೆತಿರಬಹುದು. ಎರಡು, ಈ ಕ್ಷಮೆ ನಿಮ್ಮ ಸಮಾಧಾನಕ್ಕೆ, ಆಕೆಯ ಉಪಯೋಗಕ್ಕಲ್ಲ. ಮೂರು, ಅರ್ಧ ಅಂಕ ಈಗ ಕೊಟ್ಟರೆ ಯಾವ ಸಾಲಿ ಸೇರಿಸಿಕೊಳ್ಳುತ್ತದೆ?

"ಮೂರೂ ಖರೆ" ಎಂದರು ಸರ್. "ಇಳಿ, ಊರು ಬಂತು."

ಕಂಡಕ್ಟರನೇ ಆಕೆಯ ಅಂಗಡಿಯ ಗುರುತು ಹೇಳಿದ್ದ. ಬಸ್ ನಿಲ್ಲುವ ಜಾಗದ ಪಕ್ಕದಲ್ಲಿ ತಗಡಿನ ಚಪ್ಪರ, ಒಲೆಯ ಮೇಲೆ ಕಡಾಯಿ, ಬೆಂಚಿನ ಮೇಲೆ ಬಸ್ಸಿಗೆ ಕಾಯುವ ಮೂರ್ನಾಲ್ಕು ಮಂದಿ. ಒಲೆಯ ಹಿಂದಿದ್ದ ಹೆಂಗಸು ಸರ್ ಅವರನ್ನು ನೋಡಿದ ಕೂಡಲೇ ಜಾರಿ ಕೈಯಲ್ಲಿ ಹಿಡಿದೇ ಎದ್ದು ನಿಂತಳು. ಜಾರಿ ಎಂದರೆ ಎಣ್ಣೆ ಸೋಸುವ ಸೌಟು.

"ಅಯ್ಯ, ಇಂಗ್ಲಿಷ್ ಸರ್! ಬರ್ರಿ, ಕುಂದರ್ರಿ. ಕಾಕಾ, ಜರಾ ಸರೀರಿ ಆ ಕಡಿ, ನಮ್ಮ ಸರ್ ಬಂದಾರ."

ಸರ್ ಕೂರಲಿಲ್ಲ. ನಿಂತೇ, ಬಾಯಿಪಾಠ ಒಪ್ಪಿಸುವ ಹಾಗೆ, ಅರ್ಧ ಅಂಕದ ಕಥೆಯನ್ನೆಲ್ಲ ಒಪ್ಪಿಸಿದರು. "ನನ್ನ ಸಲುವಾಗಿ ನಿನ್ನ ಸಾಲಿ ತಪ್ಪಿತು, ತಂಗಿ" ಎಂದು ಮುಗಿಸಿದರು.

ಆಕೆ ಕಡಾಯಿಯಲ್ಲಿನ ಭಜಿಗಳನ್ನು ಒಮ್ಮೆ ಮಗುಚಿ ಹಾಕಿದಳು. ಆಮೇಲೆ ನಗತೊಡಗಿದಳು.

"ಸರ್ರ, ನಂಗ ಗಣಿತದಾಗ ಹತ್ತೊಂಬತ್ತು ಬಿದ್ದಿದ್ವು. ವಿಜ್ಞಾನದಾಗ ಅದಕ್ಕೂ ಕಡಿಮಿ. ನಿಮ್ಮ ಅರ್ಧ ಮಾರ್ಕ್ ತಗೊಂಡು ನಾ ಏನು ಮಾಡ್ತಿದ್ದೆ? ಸಾಲಿ ನಾನೇ ಬಿಟ್ಟೀನ್ರಿ, ಯಾರೂ ಬಿಡಿಸಿಲ್ಲ. ಗಣಿತದ ಸರ್ ಬಂದು ಮಾಫಿ ಕೇಳಬೇಕಾಗಿತ್ತು, ಅವರು ಬಿಟ್ಟು ನೀವು ಬಂದೀರಿ!"

ಬೆಂಚಿನ ಮಂದಿ ನಕ್ಕರು. ನಾನು ಸರ್ ಕಡೆ ನೋಡಿದೆ. ನನ್ನ ಮುಖದಲ್ಲಿ ಗೆದ್ದ ಕಳೆ ಇದ್ದಿರಬೇಕು, ನಿರಾಕರಿಸುವುದಿಲ್ಲ. ಇಷ್ಟು ದಿನ ಅವರು ತಾವೇ ಕಾರಣ ಎಂದು ಪುರಾವೆಯಿಲ್ಲದೆ ನಂಬಿದ್ದರು. ಪುರಾವೆ ಈಗ ಸಿಕ್ಕಿತು, ಕಾರಣ ಅವರಲ್ಲ. ವಾಪಸು ಬಸ್ ಹತ್ತಬಹುದಿತ್ತು.

ಆಗ ಆಕೆ ನಗು ನಿಲ್ಲಿಸಿ, ಒಲೆಯ ಉರಿ ಸಣ್ಣ ಮಾಡಿದಳು.

"ಮಾರ್ಕ್ ನೆನಪಿಲ್ರಿ ನಂಗ. ಇನ್ನೊಂದು ನೆನಪದ. ನಾ ಆ ವಾಕ್ಯ ಕ್ಲಾಸ್‌ದಾಗ ಎದ್ದು ಓದಿದ್ನಲ್ಲ, ಆವತ್ತ ನೀವು ಏನಂದ್ರಿ ಗೊತ್ತೇನು?"

ಸರ್ ತಲೆಯಾಡಿಸಿದರು. ಗೊತ್ತಿರಲಿಲ್ಲ.

"'ಸರ್ಕಲ್‌ದಾಗ ಭಜಿ? ನಿಮ್ಮಪ್ಪ ಏನು ಕಂಪಾಸ್ ಬಾಕ್ಸ್‌ದಾಗ ಕುಂದರ್ತಾನೇನು?' ಅಂದ್ರಿ. ಎಲ್ಲಾರೂ ನಕ್ಕರು. ನೀವೂ ನಕ್ಕಿರಿ. ವರ್ಷ ಮುಗಿಯೋ ತನಕ ನನ್ನ ಹೆಸರು ಕಂಪಾಸ್ ಆಯ್ತು. ಬಸ್‌ದಾಗ ಕಂಪಾಸ್, ನೀರಿನ ಟಾಕಿ ಹತ್ರ ಕಂಪಾಸ್. ಅವತ್ತಿಂದ ನಾ ಯಾವ ಕ್ಲಾಸ್‌ದಾಗೂ ಬಾಯಿ ತೆರೀಲಿಲ್ರಿ. ಗೊತ್ತಿದ್ದ ಜವಾಬ ಕೂಡ ಹೇಳಲಿಲ್ಲ."

ಅದೇ ಕಂಪಾಸ್. ವಾರದ ಹಿಂದೆ ಕಟ್ಟೆಯ ಮೇಲೆ ನಾನು ಎಸೆದದ್ದು, ನನ್ನದೇ ಹೊಸ ಚಾಟಿ ಎಂದು ಬೀಗಿದ್ದು. ನಾನು ಬಸ್ ಬರುವ ದಾರಿಯ ಕಡೆ ಮುಖ ತಿರುಗಿಸಿದೆ.

ಸರ್ ಮೆಲ್ಲಗೆ, "ನಾ ಹಂಗ ಅಂದಿದ್ದು ನನಗ ನೆನಪೇ ಇಲ್ಲವಾ" ಎಂದರು.

"ನಿಮಗ ಹ್ಯಾಂಗ ನೆನಪಿರ್ತದ್ರಿ? ನೀವು ಅಂದವರು." ದನಿಯಲ್ಲಿ ಸಿಟ್ಟಿರಲಿಲ್ಲ. ಹಿಟ್ಟಿಗೆ ಉಪ್ಪು ಸಾಲದು ಎನ್ನುವ ಹಾಗೆ ಹೇಳಿದಳು. "ಈಗ ಹೇಳ್ರಿ, ನಾ ಬರದಿದ್ದು ಬರಾಬರ್ ಇತ್ತೋ ಇಲ್ಲೋ?"

"ಬರಾಬರ್ ಇತ್ತು."

"ಅವತ್ತ ಪೂರಾ ಕ್ಲಾಸ್ ಮುಂದ ಅಂದಿದ್ರಿ. ಇವತ್ತ ಈ ನಾಕು ಮಂದಿ ಮುಂದ ಜೋರಾಗಿ ಅನ್ರಿ."

ಸರ್ ಬೆಂಚಿನ ಕಡೆಗೆ ತಿರುಗಿದರು. ಶರ್ಟಿನ ತುದಿ ಎಳೆದುಕೊಂಡರು. ಸಾಲಿಯ ಪ್ರಾರ್ಥನೆಯ ಹೊತ್ತಿನ ದನಿ ಅದು, ರಸ್ತೆಯಾಚೆಯ ಎಮ್ಮೆಯೂ ತಲೆಯೆತ್ತಿತು. "ಮೈ ಫಾದರ್ ಸೆಲ್ಸ್ ಭಜಿ ಅಟ್ ದ ಸರ್ಕಲ್. ಇದು ಬರಾಬರ್ ಇಂಗ್ಲಿಷ್ ಅದ. ಈಕಿ ಬರದಿದ್ದು ಖರೆ. ನಾ ನಕ್ಕಿದ್ದು ತಪ್ಪು."

ಬೆಂಚಿನ ಮೇಲಿನ ಕಾಕಾ ಹುಬ್ಬು ಗಂಟಿಕ್ಕಿದ. "ಈಕಿ ಫಾದರ್ ಈಗ ಎಲ್ಲಿ ಭಜಿ ಮಾರ್ತಾನ್ರಿ ಮಾಸ್ತರ್ರ? ತೀರಕೊಂಡು ಆರು ವರ್ಷ ಆಯ್ತಲ್ಲ."

"ಕಾಕಾ, ಅದು ಇಂಗ್ಲಿಷ್ ಅದ. ನೀವು ಸುಮ್ನ ಕುಂದರ್ರಿ" ಎಂದಳು ಆಕೆ. ಆಗ ಆಕೆಯ ಕಣ್ಣು ತುಂಬಿದ್ದನ್ನು ನಾನು ಕಂಡೆ. ಕೂಡಲೇ ಬಗ್ಗಿ ಉರಿ ದೊಡ್ಡದು ಮಾಡಿದಳು. ಕಾಗದದ ಮೇಲೆ ಬಿಸಿ ಮೆಣಸಿನಕಾಯಿ ಭಜಿ ಇಟ್ಟು ಕೊಟ್ಟಳು. ಸರ್ ಕೂತು ತಿಂದರು. ಅವರ ಕಣ್ಣಲ್ಲೂ ನೀರು ಬಂತು. ಖಾರಕ್ಕೋ ಬೇರೆ ಯಾವುದಕ್ಕೋ, ಪುರಾವೆ ಇಲ್ಲದೆ ನಾನು ಹೇಳಲಾರೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರನ್ನು ಸಮಾಧಾನ ಮಾಡಲು ಹೋದೆ. "ಸಾಲಿ ಬಿಡಿಸಿದವರು ನೀವಲ್ಲ ಅಂತ ಸಾಬೀತಾಯ್ತಲ್ರಿ ಸರ್ರ."

"ಹೌದವಾ. ನಾ ಬಿಡಿಸಿದ್ದು ಸಾಲಿ ಅಲ್ಲ, ಮಾತು" ಎಂದರು.

ಆಮೇಲೆ ಅವರು ಪೂರ್ತಿ ಬದಲಾದರು ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ. ಕಟ್ಟೆಯ ಮೇಲೆ ಜೋಕು ಹಾರುತ್ತಲೇ ಇದ್ದವು. ವ್ಯತ್ಯಾಸ ಇಷ್ಟೆ. ಹಾರಿಸಿದ ಮೇಲೆ ಅದು ಯಾರ ಮೇಲೆ ಬಿತ್ತೋ ಅವರ ಮುಖವನ್ನು ಒಮ್ಮೆ ನೋಡುತ್ತಿದ್ದರು. ಅವರು ನಗದಿದ್ದರೆ, "ಅದು ಗಲತ್ ಆಯ್ತು, ವಾಪಸ್ ತಗೊಂಡೆ" ಎಂದು ಎಲ್ಲರೆದುರು ಹೇಳುತ್ತಿದ್ದರು. ಕೆಂಪು ಪೆನ್ನನ್ನು ಮತ್ತೆ ನಾವ್ಯಾರೂ ನೋಡಲಿಲ್ಲ. ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ಸಿಕ್ಕರೆ ನಿಲ್ಲಿಸಿ, ಅವರಿಗೆ ನೆನಪಿರಲಿ ಬಿಡಲಿ, ಸರ್ಕಲ್ ವಿಷಯದಲ್ಲಿ ತಾವು ಕಲಿಸಿದ್ದು ತಪ್ಪು ಎಂದು ತಿದ್ದುತ್ತಿದ್ದರು. ಒಬ್ಬ ಬ್ಯಾಂಕಿನ ಅಧಿಕಾರಿ ಗಾಬರಿಯಾಗಿ, "ಸರ್, ಆರಾಮ ಇದ್ದೀರಿಲ್ಲ?" ಎಂದು ಕೇಳಿದ್ದುಂಟು.

ಕೊನೆಯ ದಿನಗಳಲ್ಲಿ ಬಸವಕಲ್ಯಾಣದ ತಂಗಿಯ ಮನೆಗೆ ಹೋಗಿದ್ದರು. ಹೋದ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡರು. ಕಟ್ಟೆಯ ಎಂಟೂ ಮಂದಿ ಒಟ್ಟಿಗೆ ಹೋಗಿದ್ದೆವು. ದಾರಿಯಲ್ಲಿ ಯಾರೂ ವಾದ ಮಾಡಲಿಲ್ಲ.

ಮೂರು ತಿಂಗಳ ನಂತರ ಅದೇ ಬಸವಕಲ್ಯಾಣದಲ್ಲಿ ಕಾಲೇಜುಗಳ ಇಂಗ್ಲಿಷ್ ಚರ್ಚಾ ಸ್ಪರ್ಧೆಯ ಅಂತಿಮ ಸುತ್ತು. ನನ್ನ ಎದುರಿಗಿದ್ದದ್ದು ನಿರ್ಣಾದ ಹುಡುಗಿ. ಮೊದಲ ವರ್ಷದವಳು, ಕೈಯಲ್ಲಿ ಚೀಟಿ ಹಿಡಿದಿದ್ದಳು. ನನ್ನ ವಾದದ ಬಗ್ಗೆ ಸಂಶಯವಿದೆ ಎನ್ನಲು ಹೋಗಿ ಡೌಟ್ ಎನ್ನುವುದನ್ನು ಡೌಬ್ಟ್ ಎಂದಳು. ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಯಾರೋ ಅದನ್ನೇ ಕೂಗಿ ಅಣಕಿಸಿದರು. ಅವಳು ಮಾತು ನಿಲ್ಲಿಸಿದಳು. ಗಂಟೆ ಹೊಡೆಯುವವರು ಗಡಿಯಾರ ನೋಡುತ್ತಿದ್ದರು. ನನ್ನ ಬಾಯಲ್ಲಿ ಒಂದು ಸಾಲು ತಯಾರಾಗಿತ್ತು. ಒಳ್ಳೆಯ ಸಾಲು. ಹೇಳಿದ್ದರೆ ಸಭೆ ಇನ್ನೊಮ್ಮೆ ನಕ್ಕು ಬೀಳುತ್ತಿತ್ತು, ಅವಳು ಏಳುತ್ತಿರಲಿಲ್ಲ.

ಎದ್ದು ನಿಂತು ಅಧ್ಯಕ್ಷರನ್ನು ಕೇಳಿಕೊಂಡೆ. ನಗು ಮುಗಿಯುವವರೆಗೆ ಗಡಿಯಾರ ನಿಲ್ಲಿಸಿ, ಆ ಸಮಯ ಈಕೆಯದು ಎಂದೆ. ಅಧ್ಯಕ್ಷರು ಒಪ್ಪಿದರು. ಸಭೆ ತಣ್ಣಗಾಯಿತು. ಅವಳು ನೀರು ಕುಡಿದಳು, ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

ಆಮೇಲೆ ಮಾತಾಡಿದಳು. ಆ ಪದವನ್ನು ಇನ್ನೂ ಮೂರು ಸಲ ಹಾಗೆಯೇ ಅಂದಳು. ನನ್ನ ಎರಡನೇ ವಾದವನ್ನು ಎಳೆ ಎಳೆಯಾಗಿ ಬಿಚ್ಚಿ ಸಭೆಯ ಮುಂದೆ ಹರವಿಟ್ಟಳು. ನಾನು ಸೋತೆ.